ಆರು ಅಡಿ ಮೂರು ಇಂಚಿನವನಿಗೆ ಡೀಸೆಲ್ ಸೆಡಾನ್: ಯಾವುದನ್ನು ನೋಡಲಿ?

ನೀರ್ಚಾಲಿನವ

ಎಲ್ಲರಿಗೂ ನಮಸ್ಕಾರ. ನನ್ನ ಎತ್ತರ ಆರು ಅಡಿ ಮೂರು ಇಂಚು, ಅಂದರೆ 190 ಸೆಂಟಿಮೀಟರ್. ಹನ್ನೊಂದು ವರ್ಷಗಳಿಂದ ಒಂದು ಸಣ್ಣ ಹ್ಯಾಚ್‌ಬ್ಯಾಕ್ ಕಾರಿನೊಳಗೆ ಮೈ ಮುದುಡಿಕೊಂಡು ಓಡಾಡುತ್ತಿದ್ದೇನೆ. ತಲೆ ತಾಗುವ ಜಾಗದಲ್ಲಿ ಮಾಡಿನ ಒಳಬಟ್ಟೆ ಅಂಗೈಯಗಲ ಸವೆದು ಎಣ್ಣೆ ಹಿಡಿದು ಮಿರುಗುತ್ತಿದೆ. ಬ್ರೇಕ್ ಒತ್ತಲು ಕಾಲೆತ್ತಿದಾಗಲೆಲ್ಲ ಕೀಲಿ ಗೊಂಚಲು ಬಲ ಮೊಣಕಾಲಿಗೆ ಚುಚ್ಚುತ್ತದೆ. ಈಗ ಸೊಂಟನೋವು ಶುರುವಾಗಿ ವೈದ್ಯರು ಕಾರು ಬದಲಿಸಿ ಎಂದೇ ಹೇಳಿದ್ದಾರೆ.

ವಾರಕ್ಕೆ ಐದು ದಿನ ಕಾಸರಗೋಡು ಜಿಲ್ಲೆಯ ನೀರ್ಚಾಲಿನಿಂದ ಕುಂಬಳೆ ದಾರಿಯಾಗಿ ಮಂಗಳೂರಿಗೆ ಕೆಲಸಕ್ಕೆ ಹೋಗಿಬರುತ್ತೇನೆ, ದಿನಕ್ಕೆ ನೂರು ಕಿಲೋಮೀಟರ್ ಆಗುತ್ತದೆ. ಮಗಳು ಮೈಸೂರಿನಲ್ಲಿ ಓದುತ್ತಿದ್ದಾಳೆ. ತಿಂಗಳಿಗೊಮ್ಮೆ ಸುಳ್ಯ, ಸಂಪಾಜೆ, ಮಡಿಕೇರಿ ದಾರಿಯಲ್ಲಿ ಎಲ್ಲರೂ ಹೋಗುತ್ತೇವೆ. ಹಿಂದಿನ ಸೀಟಿನಲ್ಲಿ ಎಪ್ಪತ್ತಾರು ವರ್ಷದ ಅಮ್ಮ, ಅವರಿಗೆ ಎರಡೂ ಮೊಣಕಾಲು ನೋವು. ಡೀಸೆಲ್ ಸೆಡಾನ್ ಬೇಕೆಂದು ಮನಸ್ಸಿನಲ್ಲಿದೆ. ಕೈಯಲ್ಲಿರುವುದು ಹತ್ತು ಲಕ್ಷದೊಳಗೆ. ಎತ್ತರದವರು ಯಾರಾದರೂ ಸ್ವಂತ ಅನುಭವ ಹೇಳಿದರೆ ದೊಡ್ಡ ಉಪಕಾರವಾದೀತು.

ಕುಂಬಳೆ ಮಾಸ್ಟರ್

ಭಾವ, ಮೊದಲು ಒಂದು ಮಾತನ್ನು ಬಿಡಿಸಿ ಹೇಳುತ್ತೇನೆ, ಇಲ್ಲದಿದ್ದರೆ ನೀವು ಶೋರೂಮುಗಳನ್ನು ಸುತ್ತಿ ದಿನ ಕಳೆಯುತ್ತೀರಿ. ನೀವು ಹೇಳುವ ಬೆಲೆಯಲ್ಲಿ ಹೊಸ ಡೀಸೆಲ್ ಸೆಡಾನ್ ಎಂಬುದೇ ಈಗ ಇಲ್ಲ. 2020ರ ಏಪ್ರಿಲ್ 1ರಂದು ಹೊಗೆಯ ಮಿತಿಯನ್ನು ಬಿಗಿ ಮಾಡುವ ಬಿಎಸ್ 6 ನಿಯಮ ಬಂದಾಗ ಮಾರುತಿ ಡೀಸೆಲನ್ನು ಕೈಬಿಟ್ಟಿತು. ವೆಂಟೋ, ರ‍್ಯಾಪಿಡ್ ಕಾರುಗಳ ಡೀಸೆಲ್ ಕೂಡ ಆಗಲೇ ಹೋಯಿತು. ಉಳಿದುಕೊಂಡಿದ್ದ ಹೋಂಡಾ ಸಿಟಿ ಮತ್ತು ಹ್ಯುಂಡೈ ವರ್ನಾ ಡೀಸೆಲ್‌ಗಳು 2023ರಲ್ಲಿ ನಿಂತವು. ಆ ವರ್ಷ ಏಪ್ರಿಲಿನಿಂದ ಪ್ರಯೋಗಾಲಯದಲ್ಲಿ ಮಾತ್ರವಲ್ಲ, ರಸ್ತೆಯಲ್ಲಿ ಓಡುವಾಗಲೂ ಹೊಗೆಯ ಮಿತಿ ಪಾಲಿಸಬೇಕೆಂದಾಯಿತು. ಅಷ್ಟಕ್ಕೆಲ್ಲ ದುಡ್ಡು ಹಾಕಿದರೆ ಈ ದರ್ಜೆಯ ಕಾರುಗಳಲ್ಲಿ ಗಿಟ್ಟುವುದಿಲ್ಲ ಎಂದು ಕಂಪನಿಗಳು ಲೆಕ್ಕ ಹಾಕಿದವು. ಮರ್ಸಿಡಿಸ್‌ನಂಥ ದುಬಾರಿ ಸಾಲಿನಲ್ಲಿ ಮಾತ್ರ ಡೀಸೆಲ್ ಸೆಡಾನ್ ಉಳಿದಿದೆ.

ಹಾಗಾಗಿ ನಿಮ್ಮ ಹುಡುಕಾಟವೇನಿದ್ದರೂ ಸೆಕೆಂಡ್ ಹ್ಯಾಂಡ್‌ನಲ್ಲಿ. ಹೊಸದೇ ಬೇಕೆಂದರೆ ಪೆಟ್ರೋಲಿನ ಸ್ಕೋಡಾ ಸ್ಲಾವಿಯಾ, ಫೋಕ್ಸ್‌ವ್ಯಾಗನ್ ವರ್ಟಸ್ ಇವೆ. ಎರಡಕ್ಕೂ ಚಕ್ರಾಂತರ, ಅಂದರೆ ಮುಂದಿನ ಚಕ್ರಕ್ಕೂ ಹಿಂದಿನ ಚಕ್ರಕ್ಕೂ ನಡುವಿನ ದೂರ, 2651 ಮಿಲಿಮೀಟರ್, ಒಳಗೆ ಜಾಗ ಧಾರಾಳ. ಹೋಂಡಾ ಸಿಟಿಯ ಹೈಬ್ರಿಡ್ ಕೂಡ ಇದೆ, ಆದರೆ ಅದರ ಬ್ಯಾಟರಿ ಡಿಕ್ಕಿಯಲ್ಲಿ ಕುಳಿತು 306 ಲೀಟರ್ ಜಾಗವಷ್ಟೇ ಉಳಿಯುತ್ತದೆ. ನಿಮ್ಮ ಓಡಾಟ ತಿಂಗಳಿಗೆ ಎರಡು ಸಾವಿರ ಕಿಲೋಮೀಟರ್ ದಾಟುತ್ತದೆ, ಡೀಸೆಲ್ ಎಂದದ್ದು ಸರಿಯೇ.

ಹೊಸಂಗಡಿ ಪ್ರಯಾಣಿಕ

ಸೆಡಾನೇ ಏಕೆ? ನಮ್ಮ ಕಡೆಯ ಮನೆಮಾರ್ಗಗಳು ನಿಮಗೆ ಗೊತ್ತೇ ಇವೆ. ಮಳೆಗಾಲದಲ್ಲಿ ಮಣ್ಣು ಕೊಚ್ಚಿಹೋಗಿ ನಡುವೆ ದಿಣ್ಣೆ ಏಳುತ್ತದೆ, ಎರಡು ಬದಿ ಮುರಕಲ್ಲು ಎದ್ದು ನಿಲ್ಲುತ್ತದೆ. ಎತ್ತರದ ಎಸ್‌ಯುವಿಗಳಲ್ಲಿ ಡೀಸೆಲ್ ಈಗಲೂ ಹೊಸದಾಗಿ ಸಿಗುತ್ತದೆ. ತಲೆಗೂ ಜಾಗ, ಅಡಿಗೂ ಜಾಗ.

ನೀರ್ಚಾಲಿನವ

ಅದನ್ನು ಮೊದಲೇ ನೋಡಿದೆವು ಅಣ್ಣ. ಅಮ್ಮನಿಗೆ ಹತ್ತಲು ಆಗಲಿಲ್ಲ. ಒಂದು ಕಾಲು ಮೇಲಿಟ್ಟು ಇನ್ನೊಂದು ಕಾಲಿನ ಮೇಲೆ ಭಾರ ಹಾಕಿ ಏಳುವುದೇ ಅವರಿಗೆ ಕಷ್ಟ. ಮೆಟ್ಟಿಲಿನ ಹಾಗೆ ಒಂದು ಹಲಗೆ ಇಟ್ಟುಕೊಳ್ಳಬಹುದು ಎಂದರು ಮಾರುವವರು, ಆದರೆ ಆಸ್ಪತ್ರೆಯ ಬಾಗಿಲಿನಲ್ಲಿ, ಮಳೆಯಲ್ಲಿ, ಪ್ರತಿ ಸಲ ಯಾರು ಹಲಗೆ ಇಟ್ಟುಕೊಡುತ್ತಾರೆ? ಸೆಡಾನಿನಲ್ಲಿ ಹಿಮ್ಮುಖವಾಗಿ ಸೀಟಿನ ಅಂಚಿಗೆ ಕುಳಿತು, ಆಮೇಲೆ ಎರಡೂ ಕಾಲನ್ನು ಒಟ್ಟಿಗೆ ಒಳಗೆ ತಿರುಗಿಸುತ್ತಾರೆ. ಇನ್ನೊಂದು ಕಾರಣವೂ ಇದೆ. ಸಂಪಾಜೆ ಘಾಟಿಯ ತಿರುವುಗಳಲ್ಲಿ ಎತ್ತರದ ಗಾಡಿ ಓಲಾಡಿದರೆ ಅವರಿಗೆ ವಾಂತಿ ಬರುತ್ತದೆ. ನೆಲಕ್ಕೆ ಹತ್ತಿರ ಕುಳಿತರೆ ಮಡಿಕೇರಿಯವರೆಗೂ ಮಾತನಾಡಿಕೊಂಡೇ ಬರುತ್ತಾರೆ.

ಉಪ್ಪಳದ ಅಕ್ಕ

ನಾನು ಫಿಸಿಯೋಥೆರಪಿ ವೃತ್ತಿಯಲ್ಲಿದ್ದೇನೆ. ಎತ್ತರದವರ ಸೊಂಟನೋವು ಎಂದರೆ ನಾನು ಮೊದಲು ಕೇಳುವುದು, ನಿಮ್ಮ ಕಾರಿನ ಸೀಟು ತೊಡೆಯ ಎಷ್ಟು ಭಾಗಕ್ಕೆ ಆಸರೆ ಕೊಡುತ್ತದೆ ಎಂದು. ಎಲ್ಲರೂ ಮಾಡಿನ ಎತ್ತರವನ್ನೇ ನೋಡುತ್ತಾರೆ. ತಲೆ ತಾಗದಂತೆ ಸೀಟನ್ನು ತೀರಾ ಇಳಿಸಿದರೆ ಮೊಣಕಾಲು ಮೇಲೇಳುತ್ತದೆ, ತೊಡೆ ಸೀಟಿನಿಂದ ಮೇಲಕ್ಕೆ ಎದ್ದು ನಿಲ್ಲುತ್ತದೆ. ಆಗ ಮೈಯ ಭಾರವೆಲ್ಲ ಸೊಂಟದ ಕೆಳಗಿನ ಅಂಗೈಯಗಲದ ಜಾಗಕ್ಕೆ ಬೀಳುತ್ತದೆ. ಒಂದು ಗಂಟೆ ಹಾಗೆ ಕುಳಿತರೆ ಇಳಿಯುವಾಗ ಬೆನ್ನು ನೆಟ್ಟಗಾಗುವುದಿಲ್ಲ.

ಕಾರು ನೋಡಲು ಹೋದಾಗ ಅವಸರ ಮಾಡಬೇಡಿ. ಬೆನ್ನನ್ನು ಸೀಟಿನ ಬುಡಕ್ಕೆ ತಾಗಿಸಿ ಕುಳಿತುಕೊಳ್ಳಿ. ಕ್ಲಚ್ಚನ್ನು ಪೂರ್ತಿ ಒತ್ತಿದಾಗಲೂ ಮೊಣಕಾಲು ಸ್ವಲ್ಪ ಮಡಚಿಕೊಂಡೇ ಇರಬೇಕು. ಭುಜ ಸೀಟಿನ ಒರಗಿಗೆ ತಾಗಿರುವಂತೆಯೇ ಕೈ ಚಾಚಿದರೆ ಮಣಿಕಟ್ಟು ಸ್ಟಿಯರಿಂಗಿನ ಮೇಲಂಚಿನಲ್ಲಿ ಕೂರಬೇಕು. ಎತ್ತರದವರು ಸೋಲುವುದು ಇಲ್ಲೇ. ಕಾಲಿಗಾಗಿ ಸೀಟನ್ನು ಹಿಂದಕ್ಕೆ ತಳ್ಳುತ್ತಾರೆ, ಸ್ಟಿಯರಿಂಗ್ ಮಾತ್ರ ಇದ್ದಲ್ಲೇ ಇರುತ್ತದೆ. ಆಮೇಲೆ ಮುಂದಕ್ಕೆ ಬಾಗಿ, ಬೆನ್ನನ್ನು ಗೂನು ಮಾಡಿಕೊಂಡು ಓಡಿಸುತ್ತಾರೆ. ಮೇಲೆ ಕೆಳಗೆ ಸರಿಯುವುದಷ್ಟೇ ಸಾಲದು, ನಿಮ್ಮತ್ತ ಎಳೆದುಕೊಳ್ಳಲು ಬರುವ ಸ್ಟಿಯರಿಂಗ್ ನಿಮಗೆ ಬೇಕೇ ಬೇಕು.

ತಲೆಯೊರಗನ್ನೂ ನೋಡಿ. ಅದನ್ನು ಪೂರ್ತಿ ಎತ್ತಿದಾಗ ತಲೆಯ ಹಿಂಭಾಗಕ್ಕೆ ಬರಬೇಕು. ನಿಮ್ಮ ಎತ್ತರಕ್ಕೆ ಕೆಲವು ಕಾರುಗಳಲ್ಲಿ ಅದು ಕುತ್ತಿಗೆಯ ಬುಡಕ್ಕೇ ಮುಗಿಯುತ್ತದೆ. ಹಿಂದಿನಿಂದ ಯಾರಾದರೂ ಗುದ್ದಿದರೆ ಕುತ್ತಿಗೆ ಅದರ ಮೇಲಿಂದ ಹಿಂದಕ್ಕೆ ಮಡಚಿಕೊಳ್ಳುತ್ತದೆ, ಅದು ಸಣ್ಣ ಗಾಯವಲ್ಲ.

ಇನ್ನೊಂದು ವಿಷಯ. ಸನ್‌ರೂಫ್ ಇರುವ ಮಾದರಿಯಲ್ಲಿ ಅದರ ಚೌಕಟ್ಟು ನಿಮ್ಮ ತಲೆಯ ಜಾಗವನ್ನೇ ಕಸಿಯುತ್ತದೆ. ಅದೇ ಕಾರಿನ ಸನ್‌ರೂಫ್ ಇಲ್ಲದ ಮಾದರಿಯಲ್ಲಿ ಕುಳಿತು ಹೋಲಿಸಿ ನೋಡಿ.

ಮುಳ್ಳೇರಿಯ ತೋಟದವ

ನನ್ನ ಎತ್ತರ ಆರು ಅಡಿ ಒಂದು ಇಂಚು. 2017ರ ಮಾರುತಿ ಸಿಯಾಜ್ ಡೀಸೆಲ್ ಇದೆ, 1.3 ಲೀಟರಿನದು. ಮನೆಯವರ ಮಟ್ಟಿಗೆ ಇದಕ್ಕಿಂತ ಒಳ್ಳೆಯ ಕಾರು ಆ ದುಡ್ಡಿಗೆ ಇಲ್ಲ ಎಂದು ಎದೆ ತಟ್ಟಿ ಹೇಳುತ್ತೇನೆ. ಚಕ್ರಾಂತರ 2650 ಮಿಲಿಮೀಟರ್. ನಾನು ಓಡಿಸುವಾಗ ನನ್ನ ಹಿಂದೆ ನನ್ನಷ್ಟೇ ಎತ್ತರದ ತಮ್ಮ ಕಾಲ ಮೇಲೆ ಕಾಲು ಹಾಕಿ ಕೂರುತ್ತಾನೆ. ಡಿಕ್ಕಿ 510 ಲೀಟರ್. ಎಂಟು ದಿನದ ಮದುವೆ ಸಾಮಾನು ಹಿಡಿಸಿದೆ, ಮಳೆಗಾಲದಲ್ಲಿ ಅಡಕೆ ಚೀಲವೂ ಹಿಡಿಸಿದೆ. ಸನ್‌ರೂಫ್ ಇದಕ್ಕೆ ಯಾವ ಮಾದರಿಯಲ್ಲೂ ಬಂದೇ ಇಲ್ಲ, ಹಾಗಾಗಿ ಆ ತಕರಾರಿಲ್ಲ.

ಆದರೆ ಅಕ್ಕ ಹೇಳಿದ್ದೇ ಇದರ ಕೊರತೆ. ಸ್ಟಿಯರಿಂಗ್ ಮೇಲೆ ಕೆಳಗೆ ಸರಿಯುತ್ತದೆ, ನಮ್ಮತ್ತ ಬರುವುದಿಲ್ಲ. ನನ್ನ ಎತ್ತರಕ್ಕೆ ಹೇಗೋ ಹೊಂದಿಕೊಂಡಿದ್ದೇನೆ, ಇನ್ನೆರಡು ಇಂಚು ಜಾಸ್ತಿ ಇರುವ ನಿಮಗೆ ಹೇಗೋ ಗೊತ್ತಿಲ್ಲ. ಮತ್ತೆ ಈ 1.3 ಇಂಜಿನ್ನಿಗೆ ನಿಮಿಷಕ್ಕೆ ಎರಡು ಸಾವಿರ ಸುತ್ತಿನ ಕೆಳಗೆ ಜೀವವೇ ಇಲ್ಲ. ಸಂಪಾಜೆಯ ಮುಂಗುರುಳಿನಂಥ ತಿರುವಿನಲ್ಲಿ, ಐದು ಮಂದಿ ಕುಳಿತಿದ್ದರೆ, ಎರಡನೇ ಗೇರಿಗೆ ಬರಲೇಬೇಕು. 2019ರಲ್ಲಿ ಇದಕ್ಕೇ 1.5 ಲೀಟರಿನ ಡೀಸೆಲ್ ಬಂತು, 95 ಪಿಎಸ್ ಬಲ, ಆರು ಗೇರು. ಒಂದು ವರ್ಷವೂ ಸರಿಯಾಗಿ ಮಾರಾಟವಾಗದೆ ನಿಂತುಹೋಯಿತು. ಅದು ಸಿಕ್ಕಿದರೆ ಬಿಡಬೇಡಿ.

ಅಡೂರಿನವ

ಎತ್ತರದವನಿಗೆ ಹೇಳಿ ಮಾಡಿಸಿದ ಡೀಸೆಲ್ ಸೆಡಾನ್ ಎಂದರೆ ಸ್ಕೋಡಾ ಆಕ್ಟೇವಿಯಾ. 2.0 ಲೀಟರಿನ ಟಿಡಿಐ ಡೀಸೆಲ್ ಇಂಜಿನ್, 143 ಪಿಎಸ್ ಬಲ, 320 ನ್ಯೂಟನ್ ಮೀಟರ್ ಎಳೆತ. ಸ್ಟಿಯರಿಂಗ್ ನಾಲ್ಕು ದಿಕ್ಕಿಗೂ ಬರುತ್ತದೆ, ಸೀಟು ಉದ್ದ, ಡಿಕ್ಕಿ 590 ಲೀಟರ್. ನನ್ನ ಅಣ್ಣ ನಿಮ್ಮಷ್ಟೇ ಎತ್ತರ, ಒಂದೇ ಉಸಿರಿಗೆ ಬೆಂಗಳೂರಿಗೆ ಹೋಗಿ ಇಳಿದ ಮೇಲೂ ಮೈ ಮುರಿಯುವುದಿಲ್ಲ. ಘಾಟಿಯಲ್ಲಿ ಮೂರನೇ ಗೇರಿನಲ್ಲೇ ಹತ್ತುತ್ತದೆ.

ಆದರೆ ಮನೆಗೆ ಬರುವ ಕೊನೆಯ ಇನ್ನೂರು ಮೀಟರ್ ಮಾರ್ಗದಲ್ಲಿ ಅಣ್ಣ ಎಲ್ಲರನ್ನೂ ಇಳಿಸಿ, ಒಬ್ಬನೇ ಓಡಿಸಿಕೊಂಡು ಬರುತ್ತಾನೆ. ಅಡಿಭಾಗ ಅಷ್ಟು ತಗ್ಗು. ನಿಮ್ಮ ಅಮ್ಮ ಆ ಇನ್ನೂರು ಮೀಟರ್ ನಡೆಯಬೇಕಾಗುತ್ತದೆ. ಇದನ್ನು ಹೇಳದೆ ಬರೀ ಹೊಗಳಿದರೆ ನಿಮಗೆ ಅನ್ಯಾಯ ಮಾಡಿದಂತೆ.

ಪೆರ್ಲ ಗ್ಯಾರೇಜು

ಹದಿನೆಂಟು ವರ್ಷದಿಂದ ಡೀಸೆಲ್ ಇಂಜಿನ್ ಬಿಚ್ಚುತ್ತಿದ್ದೇನೆ. ಕೆಲವು ಮಾತು ಹೇಳಲೇಬೇಕು.

ಹಿಂದಿನ ನಿಯಮದ ಬಿಎಸ್ 4 ಡೀಸೆಲ್ ತೆಗೆದುಕೊಳ್ಳುವುದೋ ಬಿಎಸ್ 6 ತೆಗೆದುಕೊಳ್ಳುವುದೋ ಎಂಬುದನ್ನು ನಿಮ್ಮ ಮಾರ್ಗ ತೀರ್ಮಾನಿಸುತ್ತದೆ. ಬಿಎಸ್ 6 ಡೀಸೆಲಿನ ಸೈಲೆನ್ಸರ್ ಸಾಲಿನಲ್ಲಿ ಮಸಿ ಹಿಡಿಯುವ ಫಿಲ್ಟರ್ ಇರುತ್ತದೆ, ಡಿಪಿಎಫ್ ಎನ್ನುತ್ತಾರೆ. ಅದು ತುಂಬಿದಾಗ ತನ್ನಷ್ಟಕ್ಕೆ ಮಸಿಯನ್ನು ಸುಟ್ಟುಕೊಳ್ಳಬೇಕು. ಅದಕ್ಕೆ ಇಂಜಿನ್ ಚೆನ್ನಾಗಿ ಬಿಸಿಯಾಗಿ ಸ್ವಲ್ಪ ಹೊತ್ತು ಒಂದೇ ವೇಗದಲ್ಲಿ ಓಡಬೇಕು. ಬದಿಯಡ್ಕ ಪೇಟೆಗೆ ಹೋಗಿ ಹಾಲು ತಂದು ನಿಲ್ಲಿಸುವವರ ಕೈಯಲ್ಲಿ ಆ ಫಿಲ್ಟರ್ ಕಟ್ಟಿಕೊಳ್ಳುತ್ತದೆ. ನಿಮ್ಮ ಮಟ್ಟಿಗೆ ಚಿಂತೆಯಿಲ್ಲ. ತಲಪಾಡಿಯಿಂದ ಚೆಂಗಳದವರೆಗೆ ಹೆದ್ದಾರಿ ಆರು ಪಥವಾದ ಮೇಲೆ ಕುಂಬಳೆಯಿಂದ ತಲಪಾಡಿಯವರೆಗೆ ಕಾಲೆತ್ತದೆ ಓಡಿಸಬಹುದು. ಆದರೆ ಹಿಂದಿನ ಮಾಲೀಕ ಹೇಗೆ ಓಡಿಸಿದ್ದ ಎಂದು ಕೇಳಿ. ಆತ ಪೇಟೆಯೊಳಗೇ ಓಡಿಸಿದ್ದರೆ ಆ ಕಾರು ಬೇಡ.

ಫೋಕ್ಸ್‌ವ್ಯಾಗನ್, ಸ್ಕೋಡಾ ಹಳೆಯ ಡೀಸೆಲ್ ನೋಡುವುದಾದರೆ ಒಂದನ್ನು ನೆನಪಿಡಿ. 2015ರ ಡಿಸೆಂಬರಿನಲ್ಲಿ ಆ ಬಳಗ ಹೊಗೆ ಪರೀಕ್ಷೆಯ ಸಾಫ್ಟ್‌ವೇರ್ ವಿಷಯವಾಗಿ ನಮ್ಮ ದೇಶದಲ್ಲಿ ಮೂರು ಲಕ್ಷಕ್ಕೂ ಹೆಚ್ಚು ಗಾಡಿಗಳನ್ನು ವಾಪಸು ಕರೆಯುವುದಾಗಿ ಹೇಳಿತು. ಅದಕ್ಕಿಂತ ಹಿಂದಿನ ಗಾಡಿಯಾದರೆ ಆ ಕೆಲಸ ಆಗಿದೆಯೇ ಎಂದು ಸರ್ವಿಸ್ ದಾಖಲೆಯಲ್ಲಿ ನೋಡಿ. ಇನ್ನು ವೆಂಟೋ, ರ‍್ಯಾಪಿಡ್ ಓಡಿಸುವವನಿಗೆ ಸುಖ, ಸ್ಟಿಯರಿಂಗ್ ಎಳೆದುಕೊಳ್ಳಬಹುದು. ಆದರೆ ಚಕ್ರಾಂತರ ಸಿಯಾಜ್‌ಗಿಂತ ಸುಮಾರು ಹತ್ತು ಸೆಂಟಿಮೀಟರ್ ಕಡಿಮೆ. ನಿಮ್ಮಂಥವರು ಮುಂದೆ ಕುಳಿತರೆ ಹಿಂದೆ ಅಮ್ಮನ ಮೊಣಕಾಲಿಗೆ ಜಾಗವೇ ಇರುವುದಿಲ್ಲ.

ಈಗ ಮುಖ್ಯ ಮಾತು. 2018 ಮತ್ತು 2019ರ ಆಗಸ್ಟಿನ ನೆರೆಯಲ್ಲಿ ಕೇರಳದಲ್ಲಿ ಎಷ್ಟೋ ಕಾರುಗಳು ಮುಳುಗಿದ್ದವು. ತೊಳೆದು, ಒಣಗಿಸಿ, ಸೀಟಿಗೆ ಹೊಸ ಹೊದಿಕೆ ಹಾಕಿ ಮಾರಿದವರಿದ್ದಾರೆ. ಸೀಟು ಬೆಲ್ಟನ್ನು ಕೊನೆಯವರೆಗೂ ಎಳೆಯಿರಿ, ಸುರುಳಿಯ ಒಳಗಿನ ಭಾಗದಲ್ಲಿ ಕೆಸರಿನ ಗೆರೆ ಇದ್ದರೆ ಎದ್ದು ಬನ್ನಿ. ಆಮೇಲೆ ಚಾಲಕನ ಸೀಟನ್ನು ಪೂರ್ತಿ ಹಿಂದಕ್ಕೆ ತಳ್ಳಿ. ಇದು ನಿಮ್ಮಂಥವರೇ ಮಾಡಬೇಕಾದ ಪರೀಕ್ಷೆ. ಸಾಮಾನ್ಯ ಎತ್ತರದ ಮಾಲೀಕ ಸೀಟಿನ ಹಳಿಯ ನಡುವಿನ ಹಲ್ಲುಗಳನ್ನೇ ಬಳಸಿರುತ್ತಾನೆ. ಕೊನೆಯ ಎರಡು ಮೂರು ಹಲ್ಲುಗಳನ್ನು ಕಾರು ಹುಟ್ಟಿದಂದಿನಿಂದ ಯಾರೂ ಮುಟ್ಟಿರುವುದಿಲ್ಲ. ನೀರು ಹೊಕ್ಕಿದ್ದರೆ ಸೀಟು ಅಲ್ಲಿ ಕರಕರ ಎಂದು ಸಿಕ್ಕಿಕೊಳ್ಳುತ್ತದೆ, ಬೆರಳಾಡಿಸಿದರೆ ತುಕ್ಕಿನ ಪುಡಿ ಬರುತ್ತದೆ. ನಿಮಗೆ ಬೇಕಾಗಿರುವುದೂ ಅದೇ ಕೊನೆಯ ಹಲ್ಲು.

ನೀರ್ಚಾಲಿನವ

ಮೇಸ್ತ್ರಿಗಳೇ, ಇಷ್ಟು ವಿವರವಾಗಿ ಬರೆದದ್ದಕ್ಕೆ ಋಣಿ. ಒಂದು ಸಂದೇಹ. ಸೀಟಿನ ಮುಂದಿನ ಬೋಲ್ಟುಗಳ ಅಡಿಗೆ ವಾಷರ್ ಕೊಟ್ಟು ಮುಂಭಾಗವನ್ನು ಒಂದಿಂಚು ಎತ್ತಿದರೆ ತೊಡೆಗೆ ಆಸರೆ ಸಿಗುತ್ತದೆ ಎಂದು ಒಬ್ಬರು ಹೇಳಿದರು. ಮಾಡಬಹುದೇ?

ಪೆರ್ಲ ಗ್ಯಾರೇಜು

ಬೇಡ. ಅಪಘಾತವಾದಾಗ ನಿಮ್ಮ ಭಾರವನ್ನು ಹಿಡಿದಿಡುವುದು ಅದೇ ನಾಲ್ಕು ಬೋಲ್ಟು. ವಾಷರ್ ಪೇರಿಸಿದರೆ ಬೋಲ್ಟು ಹಿಡಿಯುವ ಎಳೆ ಕಡಿಮೆಯಾಗುತ್ತದೆ. ನಾನು ಯಾರಿಗೂ ಮಾಡಿಕೊಟ್ಟಿಲ್ಲ, ಮಾಡಿಕೊಡುವುದೂ ಇಲ್ಲ. ಸೀಟು ಕೆಲಸದವರಲ್ಲಿ ಹೊದಿಕೆ ಬಿಚ್ಚಿಸಿ, ಮುಂಭಾಗಕ್ಕೆ ಗಟ್ಟಿ ಫೋಮನ್ನು ಇಳಿಜಾರಾಗಿ ಕತ್ತರಿಸಿ ಸೇರಿಸಿ. ಸೀಟಿನ ಬದಿಯಲ್ಲಿ ಏರ್‌ಬ್ಯಾಗ್ ಇರುವ ಕಾರಾದರೆ ಒರಗಿಗೆ ಹೊಸ ಹೊದಿಕೆ ಹಾಕಿಸಬೇಡಿ, ಅದು ಬಿಚ್ಚಿಕೊಳ್ಳುವ ಹೊಲಿಗೆ ಮುಚ್ಚಿಹೋಗುತ್ತದೆ.

ಹೊಸಂಗಡಿ ಪ್ರಯಾಣಿಕ

ಕಾಗದಪತ್ರದ ಮಾತನ್ನು ಯಾರೂ ಎತ್ತಲಿಲ್ಲ. ಮಂಗಳೂರಿನಲ್ಲಿ ಕೆಎ 19 ಗಾಡಿ ಕಡಿಮೆಗೆ ಸಿಕ್ಕಿತೆಂದು ಹಾಗೇ ತಂದು ಓಡಿಸುವವರು ನಮ್ಮಲ್ಲಿ ಬಹಳ. ಒಂದು ರಾಜ್ಯದ ಗಾಡಿಯನ್ನು ಇನ್ನೊಂದು ರಾಜ್ಯದಲ್ಲಿ ಹನ್ನೆರಡು ತಿಂಗಳಿಗಿಂತ ಹೆಚ್ಚು ಇಟ್ಟುಕೊಂಡರೆ ಅಲ್ಲಿ ಮರುನೋಂದಣಿ ಮಾಡಿಸಲೇಬೇಕು, ಮೋಟಾರು ವಾಹನ ಕಾಯ್ದೆಯ 47ನೇ ಸೆಕ್ಷನ್. ಅಲ್ಲಿಂದ ನಿರಾಕ್ಷೇಪಣ ಪತ್ರಕ್ಕೆ ಫಾರ್ಮ್ 28, ಮಾಲೀಕತ್ವ ಬದಲಾವಣೆಗೆ 29 ಮತ್ತು 30. ಸಾಲ ಇದ್ದದ್ದು ತೀರಿದ್ದರೆ 35. ಇಲ್ಲಿ ಕಾಸರಗೋಡಿನ ಕೆಎಲ್ 14 ನೋಂದಣಿ ಮಾಡಿಸುವಾಗ ತೆರಿಗೆ ಮತ್ತೆ ಕಟ್ಟಬೇಕು. ಆ ಮೊತ್ತವನ್ನು ಕಾರಿನ ಬೆಲೆಗೆ ಸೇರಿಸಿದ ಮೇಲೆ ಅಗ್ಗವೋ ಅಲ್ಲವೋ ನೋಡಿ.

ನೀರ್ಚಾಲಿನವ

ಎರಡು ವಾರ ಬಿಟ್ಟು ಬರೆಯುತ್ತಿದ್ದೇನೆ. ನಾಲ್ಕು ಕಾರು ನೋಡಿದೆವು. ಅಮ್ಮನನ್ನೂ ಕರೆದುಕೊಂಡೇ ಹೋದೆ. ಕಾರು ತೋರಿಸಿದವರು ಮಲಯಾಳದಲ್ಲಿ ಹೇಳಿದ್ದನ್ನು ಅಮ್ಮನಿಗೆ ವಿವರಿಸಬೇಕಾಗಲಿಲ್ಲ. ಅವರ ಮಲಯಾಳ ನನ್ನದಕ್ಕಿಂತ ಚೆನ್ನಾಗಿದೆ, ಚೌಕಾಸಿಯನ್ನೂ ಅವರೇ ಶುರು ಮಾಡಿದರು.

ಮೊದಲು ಸಿಯಾಜ್. ಹಿಂದೆ ಕುಳಿತು ಅಮ್ಮ ಕಾಲು ನೀಡಿಯೇ ಬಿಟ್ಟರು. "ಇದೇ ಸಾಕು" ಎಂದರು. ನಾನು ಚಾಲಕನ ಸೀಟಿನಲ್ಲಿ ಉಪ್ಪಳದ ಅಕ್ಕ ಹೇಳಿದಂತೆ ಕುಳಿತು ಕೈ ಚಾಚಿದೆ. ಮಣಿಕಟ್ಟಲ್ಲ, ಬೆರಳ ಬುಡ ಸ್ಟಿಯರಿಂಗಿನ ಅಂಚಿಗೆ ಬಂತು. ಭುಜ ಒರಗಿನಿಂದ ಎದ್ದಿತು. ಹತ್ತು ಕಿಲೋಮೀಟರ್ ಓಡಿಸಿದ್ದೇ ತಡ, ಸೊಂಟ ತನ್ನ ಹಳೆಯ ಮಾತು ಶುರು ಮಾಡಿತು. ಅಮ್ಮ ಆ ಕಾರನ್ನು ಇಷ್ಟಪಟ್ಟಿದ್ದರಿಂದ ಬೇಡವೆನ್ನಲು ನನಗೆ ನಿಜವಾಗಿಯೂ ಕಷ್ಟವಾಯಿತು.

ಆಮೇಲೆ 2016ರ ವರ್ನಾ. ಹಿಂದಿನ ಬಾಗಿಲಲ್ಲಿ ಮಾಡು ಇಳಿಜಾರಾಗಿ ಅಮ್ಮನ ತಲೆ ತಾಗಿತು, ಅಲ್ಲಿಗೇ ಬಿಟ್ಟೆವು. ಆಕ್ಟೇವಿಯಾ ಒಂದರಲ್ಲಿ ಕುಳಿತ ಕ್ಷಣ, ನನ್ನನ್ನು ಅಳತೆ ತೆಗೆದು ಹೊಲಿದ ಅಂಗಿಯಂತೆ ಅನಿಸಿತು. ಆದರೆ ಅಡೂರಿನವರು ಹೇಳಿದ ಇನ್ನೂರು ಮೀಟರ್ ಕಣ್ಣ ಮುಂದೆ ಬಂತು. ನಮ್ಮ ಮನೆಯ ಏರು ಅದಕ್ಕಿಂತ ಉದ್ದವಾಗಿದೆ.

ಕೊನೆಗೆ ಹೋಂಡಾ ಸಿಟಿ ಡೀಸೆಲ್, 2018ರದ್ದು, ಸನ್‌ರೂಫ್ ಇಲ್ಲದ್ದು. 100 ಪಿಎಸ್, ಆರು ಗೇರು. ಸ್ಟಿಯರಿಂಗಿನ ಅಡಿಯ ಹಿಡಿ ಸಡಿಲಿಸಿ ಎಳೆದೆ, ಬಂತು. ಭುಜ ಒರಗಿದ್ದಂತೆಯೇ ಮಣಿಕಟ್ಟು ಅಂಚಿನ ಮೇಲೆ ಕೂತಿತು. ತಲೆಯ ಮೇಲೆ ಮುಷ್ಟಿ ಹಿಡಿಸಿತು. ಸೀಟನ್ನು ಹಾಗೇ ಬಿಟ್ಟು ಇಳಿದು, ನನ್ನ ಹಿಂದೆ ನಾನೇ ಹೋಗಿ ಕುಳಿತೆ. ಮೊಣಕಾಲಿಗೂ ಮುಂದಿನ ಸೀಟಿಗೂ ನಡುವೆ ಮೂರು ಬೆರಳು ಜಾಗ. ನನಗೇ ಮೂರು ಬೆರಳು ಇದ್ದರೆ ಐದಡಿಯ ಅಮ್ಮನಿಗೆ ಬೇಕಾದಷ್ಟಾಯಿತು. ಇಂಜಿನ್ ಸದ್ದು ಒಳಗೆ ಕೇಳಿಸುತ್ತದೆ, ಅದು ನಿಜ, ಸಿಯಾಜ್‌ನಲ್ಲಿ ಇಷ್ಟಿರಲಿಲ್ಲ. ಹಿಂದೆ ನೋಡುವ ಕನ್ನಡಿ ನನ್ನ ಕಣ್ಣಿನ ಮಟ್ಟಕ್ಕೇ ಬಂದು, ಎಡ ತಿರುವಿನಲ್ಲಿ ಎದುರಿನ ಗಾಡಿಯನ್ನು ಮರೆಮಾಡುತ್ತದೆ. ಅದನ್ನು ಮೇಲಕ್ಕೆ ತಿರುಗಿಸಿ ಸ್ವಲ್ಪ ಸರಿಯಾಯಿತು. ತೊಡೆಯ ಕೆಳಗೆ ಎರಡು ಬೆರಳು ಟೊಳ್ಳು ಇದೆ, ಫೋಮ್ ಹಾಕಿಸಬೇಕು.

ಅಮ್ಮನನ್ನು ಕೂರಿಸಿಕೊಂಡು ಮಾಲೀಕರ ಮನೆಯ ಇಳಿಜಾರಿನಲ್ಲಿ ಎರಡು ಸಲ ಹತ್ತಿಸಿ ಇಳಿಸಿದೆ. ಅಡಿ ತಾಗಲಿಲ್ಲ. ಇಳಿಯುವಾಗ ಅಮ್ಮ ಬಾಗಿಲ ಮೇಲಿನ ಹಿಡಿಯನ್ನು ಹಿಡಿದು, ನನ್ನ ಕೈ ಚಾಚುವ ಮೊದಲೇ ಎದ್ದು ನಿಂತರು. ಈ ಎರಡು ವರ್ಷದಲ್ಲಿ ಅವರು ಕಾರಿನಿಂದ ಯಾರ ಸಹಾಯವಿಲ್ಲದೆ ಇಳಿದದ್ದು ಇದೇ ಮೊದಲು. ನನಗೆ ಆ ಮೇಲೆ ಬೇರೆ ಕಾರು ನೋಡುವ ಮನಸ್ಸೇ ಆಗಲಿಲ್ಲ.

ಕೆಎಲ್ 14 ಗಾಡಿ, ಒಬ್ಬರೇ ಮಾಲೀಕರು, ಅಧ್ಯಾಪಕರಾಗಿದ್ದವರು. ಸೀಟು ಕೊನೆಯ ಹಲ್ಲಿನವರೆಗೂ ಸದ್ದಿಲ್ಲದೆ ಹೋಯಿತು. ಬೆಲ್ಟಿನಲ್ಲಿ ಗೆರೆ ಇಲ್ಲ. ಆದರೂ ಮುಂಗಡ ಕೊಡುವ ಮೊದಲು ಪೆರ್ಲದವರು ಒಮ್ಮೆ ನೋಡಿದರೆ ನನಗೆ ನೆಮ್ಮದಿ.

ಮುಳ್ಳೇರಿಯ ತೋಟದವ

ಸಿಯಾಜ್ ಬಿಟ್ಟಿರಲ್ಲ ಎಂದು ಬೇಸರವಾಯಿತು, ಆದರೆ ಕಾರಣ ಓದಿದ ಮೇಲೆ ಒಪ್ಪಿದೆ. ಫೋಮ್ ಕೆಲಸ ಮುಗಿದ ಮೇಲೆ ಹೇಗಾಯಿತು ಎಂದು ಬರೆಯಿರಿ. ನನ್ನದಕ್ಕೂ ಮಾಡಿಸಬೇಕು.

ಉಪ್ಪಳದ ಅಕ್ಕ

ಫೋಮ್ ಹಾಕಿಸುವಾಗ ಅಂಚು ಮೊಣಕಾಲಿನ ಹಿಂಭಾಗಕ್ಕೆ ಒತ್ತಬಾರದು, ಎರಡು ಮೂರು ಬೆರಳು ಬಿಟ್ಟು ನಿಲ್ಲಿಸಲು ಹೇಳಿ. ಅಲ್ಲಿ ಒತ್ತಿದರೆ ಕಾಲು ಜೋಮು ಹಿಡಿಯುತ್ತದೆ. ಮಡಿಕೇರಿಗೆ ಹೋಗುವಾಗ ಸುಳ್ಯದಲ್ಲಿ ಒಮ್ಮೆ ಇಳಿದು ನಡೆಯಿರಿ, ಅಮ್ಮನೂ, ನೀವೂ.

ಪೆರ್ಲ ಗ್ಯಾರೇಜು

ಶನಿವಾರ ಬೆಳಗ್ಗೆ ಏಳಕ್ಕೆ ನಾನೇ ಕಾರಿನ ಮಾಲೀಕರ ಮನೆಗೆ ಬರುತ್ತೇನೆ. ಡೀಸೆಲ್ ಇಂಜಿನ್ನನ್ನು ರಾತ್ರಿಯಿಡೀ ತಣ್ಣಗಾದ ಮೇಲೆ ಮೊದಲ ಸಲ ಸ್ಟಾರ್ಟ್ ಮಾಡಿದಾಗಲೇ ನೋಡಬೇಕು, ಹೊಗೆಯ ಬಣ್ಣ, ಇಂಜೆಕ್ಟರಿನ ಸದ್ದು ಎಲ್ಲ ಆಗಲೇ ತಿಳಿಯುತ್ತದೆ. ನಾನು ಬರುವ ಮೊದಲು ಯಾರೂ ಸ್ಟಾರ್ಟ್ ಮಾಡಬಾರದೆಂದು ಆ ಮಾಲೀಕರಿಗೆ ಇವತ್ತೇ ಹೇಳಿಡಿ.